ಚಳಿಗೆ ಕೆಮ್ಮುವ ಟ್ರ್ಯಾಕ್ಟರ್: ಹದಿನೇಳು ಬೆಳಗುಗಳ ದಾಖಲೆ

ಗಾಡಿ ಹಳೆಯದು. ಮೂರು ಸಿಲಿಂಡರ್, ಸುಮಾರು ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, ಡೀಸೆಲ್ ಹಂಚುವ ರೋಟರಿ ಪಂಪ್, ಗಾಳಿ ಒಳಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಚಳಿಗೆಂದು ಒಂದು ಹೀಟರ್. ಬೇಸಿಗೆಯಲ್ಲಿ ಕೀ ತಿರುಗಿಸಿ ಕೈ ತೆಗೆಯುವುದರೊಳಗೆ ಸ್ಟಾರ್ಟ್ ಆಗುತ್ತದೆ. ತಾಪಮಾನ ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಅದೇ ಗಾಡಿ ಬೇರೊಂದು ಪ್ರಾಣಿಯಾಗುತ್ತದೆ. ನಾಲ್ಕೈದು ಬಾರಿ ಸೆಲ್ಫ್ ಹೊಡೆಯಬೇಕು. ಹತ್ತಿಕೊಂಡ ಮೇಲೂ ಎರಡೇ ಸಿಲಿಂಡರಿನಲ್ಲಿ ಕುಂಟುತ್ತದೆ. ಕಣ್ಣು ಉರಿಸುವ ಬಿಳಿ ಹೊಗೆ ಶೆಡ್ ತುಂಬುತ್ತದೆ. ಅರ್ಧ ಗಂಟೆ ಕಳೆದರೂ ನೇಗಿಲು ಇಳಿಸಿದರೆ ಮುಗ್ಗರಿಸುತ್ತದೆ.

ಕಳೆದ ಚಳಿಗಾಲದಲ್ಲಿ ಒಬ್ಬ ಮೆಕ್ಯಾನಿಕ್ ಬಂದು ನೋಡಿದ್ದರು. "ಕಂಪ್ರೆಷನ್ ಹೋಗಿದೆ ಸಾರ್, ಎಂಜಿನ್ ಇಳಿಸಬೇಕು" ಎಂದರು. ಅಂದರೆ ಸಿಲಿಂಡರಿನೊಳಗೆ ಗಾಳಿ ಸಾಕಷ್ಟು ಒತ್ತಿಕೊಳ್ಳುತ್ತಿಲ್ಲ ಎಂದು. ಅವರು ಬಂದದ್ದು ಮಧ್ಯಾಹ್ನ, ಕೇಳಿದ್ದು ಬಿಸಿ ಎಂಜಿನ್ನಿನ ಸದ್ದು. ಆಗ ಗಾಡಿಗೆ ಯಾವ ಕಾಯಿಲೆಯೂ ಇರಲಿಲ್ಲ. ಎಂಜಿನ್ ಇಳಿಸುವ ಮೊದಲು ಒಮ್ಮೆ ನಾನೇ ನೋಡೋಣ ಎಂದು ಈ ವರ್ಷ ಕೈ ಹಾಕಿದೆ.

ಈ ಕೆಲಸದಲ್ಲಿ ತಾಳ್ಮೆಗೆಡಿಸುವುದು ಒಂದೇ: ದಿನಕ್ಕೆ ಒಂದೇ ಪರೀಕ್ಷೆ. ಒಮ್ಮೆ ಸ್ಟಾರ್ಟ್ ಆಯಿತೆಂದರೆ ಎಂಜಿನ್ ಬೆಚ್ಚಗಾಯಿತು, ರೋಗ ಅಡಗಿತು. ಮತ್ತೆ ನೋಡಬೇಕೆಂದರೆ ನಾಳೆ ಬೆಳಗಿನವರೆಗೆ ಕಾಯಬೇಕು. ಹಾಗಾಗಿ ಬೆಳಿಗ್ಗೆ ಆರಕ್ಕೆ ಎದ್ದು, ಶೆಡ್ಡಿನ ಕಂಬಕ್ಕೆ ನೇತುಹಾಕಿದ ಥರ್ಮಾಮೀಟರ್ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದೇ ಕೆಳಗಿನ ದಾಖಲೆ. ಕೀ ತಿರುಗಿಸಲು ತಮ್ಮನಿದ್ದ.

ಎಣಿಕೆಗೆ ಮೊದಲಿನ ತಪ್ಪು

ದಿನ ಎಣಿಸಲು ಶುರುಮಾಡುವ ಮೊದಲೇ ಒಂದು ದಂಡ ಕಟ್ಟಿದ್ದೆ. ಸೆಲ್ಫ್ ನಿಧಾನ ತಿರುಗುತ್ತಿದೆ ಎಂದು, ಮೀಟರ್ ಕೂಡ ಹಿಡಿಯದೆ, ಹೊಸ ಬ್ಯಾಟರಿ ತಂದು ಕೂರಿಸಿದೆ. ಕೂದಲೆಳೆಯಷ್ಟು ವ್ಯತ್ಯಾಸವಾಯಿತು. ಹಳೆಯ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ಅಳೆದಾಗ 12.6 ವೋಲ್ಟ್ ತೋರಿಸಿತು. ಅಂದರೆ ಅದು ಚೆನ್ನಾಗಿಯೇ ಇತ್ತು. ಇಡೀ ದುರಸ್ತಿಯಲ್ಲಿ ಅತಿ ಹೆಚ್ಚು ಹಣ ಹೋದದ್ದು ಬೇಕಿಲ್ಲದ ಈ ಬ್ಯಾಟರಿಗೆ.

ದಿನ 1. 7 ಡಿಗ್ರಿ

ಏನನ್ನೂ ಮುಟ್ಟದೆ, ಇದ್ದ ಸ್ಥಿತಿಯನ್ನು ಬರೆದುಕೊಂಡೆ. ಐದನೆಯ ಬಾರಿ ಸೆಲ್ಫ್ ಹೊಡೆದಾಗ ಹತ್ತಿಕೊಂಡಿತು. ಪ್ರತಿ ಬಾರಿ ಹತ್ತು ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು. 9 ನಿಮಿಷ ಒಂದು ಸಿಲಿಂಡರ್ ಮಿಸ್ಸಿಂಗ್, ಅಂದರೆ ಅದರಲ್ಲಿ ಡೀಸೆಲ್ ಉರಿಯಲಿಲ್ಲ. ಬಿಳಿ ಹೊಗೆ 11 ನಿಮಿಷ.

ಹೊಗೆ ನೋಡಿದ್ದು ಉಪಯೋಗಕ್ಕೆ ಬಂತು. ಸೆಲ್ಫ್ ಹೊಡೆಯುವಾಗಲೇ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಿತ್ತು. ಅಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ ಎಂದು ಅರ್ಥ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದದ್ದೇನೋ ಹೌದು, ಎರಡೇ ದಿನದಲ್ಲಿ ಮರೆತೆ. ಅದು ಮುಂದೆ.

ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ತಿಳಿಯಲು ಮುಂದಿನ ಪುಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಡೀಸೆಲ್ ನಿಲ್ಲಿಸುವ ಸ್ಟಾಪ್ ಗುಬುಟನ್ನು ಎಳೆದು ಹಿಡಿದು ಸೆಲ್ಫ್ ಹೊಡೆಸಿ ಮೊಬೈಲಿನಲ್ಲಿ ವಿಡಿಯೊ ಮಾಡಿದೆ. ನಿಧಾನಗತಿಯಲ್ಲಿ ನೋಡಿ ಎಣಿಸಿದರೆ ಐದು ಸೆಕೆಂಡಿಗೆ 9 ಸುತ್ತು, ಅಂದರೆ ನಿಮಿಷಕ್ಕೆ 108. ಚಳಿಯಲ್ಲಿ ಇಂಥ ಡೀಸೆಲ್ ಎಂಜಿನ್ ಸಲೀಸಾಗಿ ಹತ್ತಿಕೊಳ್ಳಲು ಸುಮಾರು ನೂರೈವತ್ತರ ಮೇಲಿದ್ದರೆ ಒಳ್ಳೆಯದು.

ದಿನ 2. 8 ಡಿಗ್ರಿ

ಮಲ್ಟಿಮೀಟರ್ ಹಿಡಿದೆ. ಸೆಲ್ಫ್ ತಿರುಗುತ್ತಿರುವಾಗಲೇ ತೆಗೆದ ಅಳತೆಗಳು:

ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ 10.1 ವೋಲ್ಟ್
ಸೆಲ್ಫ್ ಮೋಟರಿನಲ್ಲಿ 7.9 ವೋಲ್ಟ್
ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ 1.6 ವೋಲ್ಟ್
ಪಾಸಿಟಿವ್‌ನಿಂದ ಸೆಲ್ಫ್ ಮೋಟರಿನ ಬೋಲ್ಟಿಗೆ 0.6 ವೋಲ್ಟ್

ನೆಗೆಟಿವ್ ಕಡೆಯ ಅರ್ಥ್ ಕೇಬಲ್ಲಿನಲ್ಲಿ ಅರ್ಧ ವೋಲ್ಟ್ ಹೋದರೂ ಹೆಚ್ಚು. ಇಲ್ಲಿ 1.6 ಹೋಗುತ್ತಿದೆ. ಕೇಬಲ್ ಚೇಸಿಸ್‌ಗೆ ಸೇರುವ ಬೋಲ್ಟ್ ಬಿಚ್ಚಿದೆ. ಕೇಬಲ್ ತುದಿಯ ಲೋಹದ ಬಳೆಯಾದ ಲಗ್‌ನ ಕೆಳಗೆ ಹೊಳೆಯುವ ಕೆಂಪು ಬಣ್ಣ. ತಮ್ಮ ಬಗ್ಗಿ ನೋಡಿ, "ಅಣ್ಣಾ, ಈ ಬಣ್ಣ ಬಳಿದದ್ದು ಯಾರು?" ಎಂದು ಕೇಳಿದ. ಗೊತ್ತಿದ್ದೇ ಕೇಳಿದ್ದು. ನಾಲ್ಕು ವರ್ಷದ ಹಿಂದೆ ಇಡೀ ಗಾಡಿಗೆ ಬಣ್ಣ ಹೊಡೆದು, ಒಣಗಿದ ಮೇಲೆ ಅದರ ಮೇಲೆಯೇ ಕೇಬಲ್ ಬಿಗಿದವನು ನಾನು. ಕರೆಂಟು ಅಷ್ಟು ವರ್ಷ ಬೋಲ್ಟಿನ ಮರೆಯ (ತಿರುಪಿನ ಗೆರೆಗಳ) ಮೂಲಕ ಮಾತ್ರ ಹರಿಯುತ್ತಿತ್ತು.

ಬಣ್ಣ ಕೆರೆದು ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿದೆ. ಕೇಬಲ್ಲಿನ ಲಗ್ ಒಳಗೆ ಹಸಿರು ಪುಡಿ ಕಟ್ಟಿತ್ತು. ಆ ಕೇಬಲ್ ಬಿಸಾಡಿ 50 ಚದರ ಮಿ.ಮೀ. ದಪ್ಪದ ಹೊಸ ತುಂಡನ್ನು ನೇರವಾಗಿ ಸೆಲ್ಫ್ ಮೋಟರಿನ ಬೋಲ್ಟಿಗೇ ಎಳೆದೆ. ಪಾಸಿಟಿವ್ ಕಡೆಯ ಟರ್ಮಿನಲ್‌ಗಳನ್ನೂ ಉಜ್ಜಿ, ಮೇಲೆ ವ್ಯಾಸಲಿನ್ ಸವರಿದೆ. ಈಗ ಅರ್ಥ್ ಕಡೆ 0.15, ಪಾಸಿಟಿವ್ ಕಡೆ 0.25. ಮರುದಿನ ಬೆಳಿಗ್ಗೆ ಎಣಿಸಿದಾಗ ಐದು ಸೆಕೆಂಡಿಗೆ 13 ಸುತ್ತು. ಮೂರನೆಯ ಬಾರಿಗೆ ಹತ್ತಿಕೊಂಡಿತು. ಕುಂಟುವುದು ಮಾತ್ರ ಹಾಗೆಯೇ ಉಳಿಯಿತು.

ದಿನ 3. 7 ಡಿಗ್ರಿ. ವ್ಯರ್ಥ

ರಾತ್ರಿ ಡೀಸೆಲ್ ಲೈನಿನೊಳಗೆ ಗಾಳಿ ಸೇರುತ್ತಿರಬೇಕು ಎಂದು ತಲೆಗೆ ಹೊಕ್ಕಿತು. ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಹುಡುಕಿದೆ, ಎಲ್ಲ ಕ್ಲಾಂಪ್ ಬದಲಿಸಿದೆ, ಎರಡೂ ಫಿಲ್ಟರ್ ಬದಲಿಸಿದೆ. ಫಿಲ್ಟರಿನ ಹಳೆಯ ರಬ್ಬರ್ ರಿಂಗ್ ತಲೆಭಾಗಕ್ಕೆ ಅಂಟಿಕೊಂಡಿದ್ದನ್ನು ನೋಡದೆ ಅದರ ಮೇಲೆ ಹೊಸದನ್ನು ಕೂರಿಸಿದೆ, ಡೀಸೆಲ್ ಸೋರಿತು, ಮತ್ತೆ ಬಿಚ್ಚಿದೆ. ಏರ್ ತೆಗೆಯುವಷ್ಟರಲ್ಲಿ ಮಧ್ಯಾಹ್ನ. ಒಂದೇ ಒಂದು ಗುಳ್ಳೆ ಕಾಣಲಿಲ್ಲ.

ಸಂಜೆ ಕೈ ತೊಳೆಯುವಾಗ ಹೊಳೆಯಿತು. ಈ ಗಾಡಿಯಲ್ಲಿ ಟ್ಯಾಂಕ್ ಇರುವುದು ಎಂಜಿನ್ನಿಗಿಂತ ಮೇಲೆ. ಗಾಡಿ ನಿಂತಿರುವಾಗ ಎಲ್ಲಾದರೂ ಸಂದಿದ್ದರೆ ಡೀಸೆಲ್ ಹೊರಗೆ ಒಸರಬೇಕೇ ಹೊರತು ಗಾಳಿ ಒಳಗೆ ಹೋಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದೆ ಎಂದು ಮೊದಲ ದಿನವೇ ನಾನೇ ಬರೆದಿದ್ದೆ. ಡೀಸೆಲ್ ತಲುಪುತ್ತಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕಿತ್ತು? ಲಾಭವಾದದ್ದು ಒಂದೇ, ಗಾಜಿನ ಬಟ್ಟಲಿನ ತಳದಲ್ಲಿ ನಿಂತಿದ್ದ ಎರಡು ಬೆರಳು ನೀರು ಹೊರಗೆ ಹೋಯಿತು.

ದಿನ 4. 9 ಡಿಗ್ರಿ

ಡಿಪ್ ಸ್ಟಿಕ್ ಎಳೆದರೆ ಎಣ್ಣೆ ಜೇನಿನಂತೆ ಎಳೆಯಾಗಿ ಇಳಿಯುತ್ತಿತ್ತು. ಶೆಡ್ಡಿನ ಮೂಲೆಯಲ್ಲಿದ್ದ ಖಾಲಿ ಡಬ್ಬ ತಿರುಗಿಸಿ ನೋಡಿದೆ: ಎಸ್‌ಎಇ 40. ಪಕ್ಕದಲ್ಲಿ ಡಬ್ಲ್ಯೂ ಅಕ್ಷರವಿಲ್ಲ, ಅಂದರೆ ಚಳಿಗೆಂದು ಮಾಡಿದ ಎಣ್ಣೆಯಲ್ಲ. ಬೇಸಿಗೆಯಲ್ಲಿ ಎಣ್ಣೆ ಸುಡುತ್ತಿದೆ ಎಂಬ ಅನುಮಾನದಿಂದ ದಪ್ಪ ಎಣ್ಣೆ ಇರಲಿ ಎಂದು ಹಾಕಿದ್ದು ನೆನಪಾಯಿತು. ಯಾರು ಹಾಕಿದ್ದು ಎಂದು ಈ ಬಾರಿ ತಮ್ಮ ಕೇಳಲಿಲ್ಲ, ಮುಖ ಆ ಕಡೆ ತಿರುಗಿಸಿಕೊಂಡ.

ಸ್ಟಾರ್ಟ್ ಮಾಡಿ ಬಿಸಿ ಮಾಡಿ, ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ 15ಡಬ್ಲ್ಯೂ-40 ಹಾಕಿದೆ. ಏಳು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯಿತು. ಮರುದಿನ 7 ಡಿಗ್ರಿಯಲ್ಲಿ ಐದು ಸೆಕೆಂಡಿಗೆ 16 ಸುತ್ತು, ನಿಮಿಷಕ್ಕೆ 192. ತಿರುಗುವ ವೇಗದ ಸಮಸ್ಯೆ ಇಲ್ಲಿಗೆ ಮುಗಿಯಿತು. ಆದರೂ ಹತ್ತಿಕೊಳ್ಳಲು ಮೂರು ಬಾರಿಯೇ ಬೇಕಾಯಿತು.

ದಿನ 5ರಿಂದ 8. ಹೀಟರ್

ಈ ಹೀಟರಿನ ಬಗ್ಗೆ ನನಗೆ ಪೂರ್ತಿ ತಿಳಿದಿರಲಿಲ್ಲ, ಅದಕ್ಕೇ ಒಂದನ್ನು ಸುಟ್ಟೆ.

ದಿನ 5ರಂದು ಹೀಟರಿನ ವೈರ್ ಬಿಚ್ಚಿ ಓಮ್ ಅಳೆದರೆ ಮೀಟರ್ ಏನೂ ತೋರಿಸಲಿಲ್ಲ. ಒಳಗಿನ ಕಾಯಿಲ್ ತುಂಡಾಗಿದೆ. ಸರಿಯಿದ್ದರೆ ಒಂದು ಓಮಿನ ಆಸುಪಾಸು ಇರಬೇಕು. ಹೊಸದನ್ನು ತಂದು ಹಾಕಿದೆ. ಕೀಯನ್ನು ಹೀಟ್ ಸ್ಥಾನಕ್ಕೆ ತಿರುಗಿಸಿದಾಗ ಕ್ಲಾಂಪ್ ಮೀಟರ್ 12.5 ಆಂಪಿಯರ್ ತೋರಿಸಿತು. ಗೆದ್ದೆ ಎಂದುಕೊಂಡೆ. ದಿನ 6 ಮತ್ತು 7ರ ಬೆಳಗ್ಗೆ 20 ಸೆಕೆಂಡ್, 30 ಸೆಕೆಂಡ್, ಕೊನೆಗೆ ಕೋಪ ಬಂದು ಒಂದು ನಿಮಿಷ ಹೀಟ್ ಕೊಟ್ಟೆ. ಏನೂ ಬದಲಾಗಲಿಲ್ಲ. ದಿನ 8ರಂದು ಕ್ಲಾಂಪ್ ಮೀಟರಿನಲ್ಲಿ ಸೊನ್ನೆ. ಹೊಸ ಹೀಟರ್ ಮೂರೇ ಬೆಳಗಿಗೆ ಸತ್ತಿತ್ತು.

ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ಕಾಯಿಲ್ ಒಂದು ಕಡೆ ಕರಗಿ ಗುಂಡಗಾಗಿತ್ತು. ಬೂದಿಯ ಬಣ್ಣ, ಒಣ ಒಣ. ಡೀಸೆಲ್ ವಾಸನೆಯೇ ಇಲ್ಲ. ಆಗ ಅರ್ಥವಾಯಿತು. ಇದು ಬರೀ ಕೆಂಪಗಾಗಿ ಗಾಳಿ ಬಿಸಿಮಾಡುವ ಕಾಯಿಲ್ ಅಲ್ಲ. ಕಾಯಿಲ್ ಬಿಸಿಯಾದಾಗ ಒಳಗಿನ ಪುಟ್ಟ ವಾಲ್ವ್ ತೆರೆದು ಡೀಸೆಲ್ ತೊಟ್ಟಿಕ್ಕುತ್ತದೆ, ಅದು ಹೊತ್ತಿಕೊಂಡು ಮ್ಯಾನಿಫೋಲ್ಡಿನೊಳಗೇ ಒಂದು ಜ್ವಾಲೆ ಏಳುತ್ತದೆ, ಸೆಲ್ಫ್ ಹೊಡೆದಾಗ ಆ ಬಿಸಿ ಗಾಳಿಯನ್ನು ಎಂಜಿನ್ ಎಳೆದುಕೊಳ್ಳುತ್ತದೆ. ಡೀಸೆಲ್ ಇಲ್ಲದೆ ಒಣಗಿಸಿ ಕಾಯಿಸಿದರೆ ಕಾಯಿಲ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಹಳೆಯದೂ ಹೀಗೆಯೇ ಸತ್ತಿರಬೇಕು.

ಡೀಸೆಲ್ ಬರುವುದು ಎಂಜಿನ್ನಿನ ಮೇಲೆ ಇರುವ, ಲೋಟದಷ್ಟು ದೊಡ್ಡ ಡಬ್ಬಿಯಿಂದ. ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳಿಂದ ಮಿಕ್ಕು ಮರಳುವ (ರಿಟರ್ನ್) ಡೀಸೆಲ್ ಅದನ್ನು ತುಂಬಿಸಿ ಮುಂದೆ ಟ್ಯಾಂಕಿಗೆ ಹೋಗುತ್ತದೆ. ಡಬ್ಬಿ ತುಂಬಿತ್ತು. ಅಲ್ಲಿಂದ ಹೀಟರಿಗೆ ಬರುವ ಪೆನ್ಸಿಲ್ಲಿಗಿಂತ ತೆಳುವಾದ ಪೈಪ್ ಕಟ್ಟಿಕೊಂಡಿತ್ತು. ಊದಿದರೆ ಗಾಳಿ ಹೋಗಲಿಲ್ಲ. ಸೈಕಲ್ ಬ್ರೇಕಿನ ತಂತಿಯ ಒಂದೆಳೆ ತೂರಿಸಿ, ಕಂಪ್ರೆಸರ್ ಗಾಳಿ ಹಿಡಿದಾಗ ಕಂದು ಬಣ್ಣದ ಅಂಟು ಹುಳುವಿನಂತೆ ಹೊರಬಿತ್ತು, ಸುಮಾರು ಎರಡು ಇಂಚು ಉದ್ದ.

ಎರಡನೆಯ ಹೀಟರ್ ತಂದೆ. ಈ ಸಲ ಮೊದಲು ಪೈಪಿನ ನಟ್ ಸಡಿಲ ಬಿಟ್ಟು, ಡೀಸೆಲ್ ಹನಿ ಬಂದ ಮೇಲೆ ಬಿಗಿದೆ. ಏರ್ ಕ್ಲೀನರಿನ ಪೈಪ್ ತೆಗೆದು, ಬಟ್ಟೆ ಕೈಗಳನ್ನು ದೂರವಿಟ್ಟು, ಒಳಗೆ ಇಣುಕಿದೆ. ಹೀಟ್ ಕೊಟ್ಟು ಹದಿನೈದು ಸೆಕೆಂಡಿಗೆ ಕತ್ತಲಲ್ಲಿ ಕೆಂಪು ಚುಕ್ಕಿ. ಇನ್ನೂ ಒಂದೆರಡು ಸೆಕೆಂಡಿಗೆ ಭಗ್ ಎಂದು ಹಳದಿ ಜ್ವಾಲೆ. ಆ ಬೆಳಗು ಮೊದಲ ಬಾರಿಗೆ ಒಂದೇ ಸೆಲ್ಫಿಗೆ ಹತ್ತಿಕೊಂಡಿತು.

ಇದೇ ಜಾಗದಲ್ಲಿ ಒಂದು ಮಾತು ಸೇರಿಸಬೇಕು. ಈ ನಡುವೆ ಇಬ್ಬರು ಬಂದು, ಏರ್ ಕ್ಲೀನರಿನೊಳಗೆ ಈಥರ್ ಸ್ಪ್ರೇ ಹೊಡೆಯಿರಿ, ಒಂದೇ ಏಟಿಗೆ ಎದ್ದು ನಿಲ್ಲುತ್ತದೆ ಎಂದಿದ್ದರು. ಮ್ಯಾನಿಫೋಲ್ಡಿನೊಳಗೆ ಬೆಂಕಿ ಇಟ್ಟುಕೊಂಡಿರುವ ಎಂಜಿನ್ನಿಗೆ ಈಥರ್ ಹೊಡೆದರೆ ಎದ್ದು ನಿಲ್ಲುವುದು ಎಂಜಿನ್ ಅಲ್ಲ, ಮ್ಯಾನಿಫೋಲ್ಡು. ಹೀಟರ್ ಕೆಟ್ಟಿದೆ ಎಂದುಕೊಂಡಿದ್ದ ದಿನಗಳಲ್ಲೂ ನಾನು ಹೊಡೆಯಲಿಲ್ಲ. ಸಕಾಲಕ್ಕೆ ಮುಂಚೆಯೇ ಸಿಡಿಯುವ ಈಥರ್ ಪಿಸ್ಟನ್ ರಿಂಗುಗಳನ್ನು ಮುರಿಯುವುದೂ ಉಂಟು. ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪಿನ ಕೆಳಗೆ ಬೆಂಕಿ ಹಾಕುವ ಸಲಹೆಯೂ ಬಂತು. ಎಂಜಿನ್ನಿನ ತಳದಲ್ಲಿ ವರ್ಷಗಳಿಂದ ಮೆತ್ತಿದ ಡೀಸೆಲ್ ಜಿಡ್ಡು ನೋಡಿದವರು ಯಾರೂ ಆ ಮಾತು ಆಡುವುದಿಲ್ಲ.

ದಿನ 9. 6 ಡಿಗ್ರಿ

ಸ್ಟಾರ್ಟ್ ಸುಲಭವಾಯಿತು, ಕುಂಟುವುದು ನಿಲ್ಲಲಿಲ್ಲ. ಎಂಟು ನಿಮಿಷ ಎರಡೇ ಸಿಲಿಂಡರ್.

ಯಾವುದು ಮಲಗಿದೆ ಎಂದು ತಿಳಿಯುವ ವಿಧಾನ ಹಳೆಯದೇ. ಎಂಜಿನ್ ನಿಧಾನ ಓಡುತ್ತಿರುವಾಗ ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸುವುದು. ದುಡಿಯುತ್ತಿರುವ ಸಿಲಿಂಡರ್ ಆದರೆ ಸದ್ದು ತಕ್ಷಣ ಕುಸಿಯುತ್ತದೆ. ಮಲಗಿರುವುದಾದರೆ ಏನೂ ಆಗುವುದಿಲ್ಲ. ಕನ್ನಡಕ, ಕೈಗವಸು ಬೇಕು. ಈ ಪೈಪಿನ ಒತ್ತಡದ ಡೀಸೆಲ್ ಚಿಮ್ಮಿದರೆ ಚರ್ಮದೊಳಗೆ ಹೋಗುತ್ತದೆ.

ಇದನ್ನು ಹೋದ ವರ್ಷವೂ ಮಾಡಿದ್ದೆ, ಆದರೆ ಮಧ್ಯಾಹ್ನ. ಮೂರೂ ಸರಿ ಎಂದು ತೋರಿತ್ತು, ನಾನೂ ನಂಬಿದ್ದೆ. ಈ ಬಾರಿ ಸ್ಟಾರ್ಟ್ ಆದ ಮೊದಲ ನಿಮಿಷದಲ್ಲೇ ಸ್ಪ್ಯಾನರ್ ಹಿಡಿದು ನಿಂತಿದ್ದೆ. ಒಂದು: ಕುಸಿಯಿತು. ಎರಡು: ನಿಂತೇ ಹೋಗುವಂತಾಯಿತು. ಮೂರು: ಸದ್ದಿನಲ್ಲಿ ತಿಲದಷ್ಟೂ ವ್ಯತ್ಯಾಸವಿಲ್ಲ. ಒಂಬತ್ತನೆಯ ನಿಮಿಷಕ್ಕೆ ಅದೇ ಮೂರನ್ನು ಮತ್ತೆ ಸಡಿಲಿಸಿದಾಗ ಕುಸಿಯಿತು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೂರನೆಯ ಕವಲು ಅಷ್ಟು ಹೊತ್ತೂ ಉಳಿದೆರಡಕ್ಕಿಂತ ತಣ್ಣಗಿತ್ತು.

ದಿನ 10. ಎರಡು ವಾಷರ್

ಮೂರೂ ಇಂಜೆಕ್ಟರ್ ಬಿಚ್ಚಿದೆ. ಒಂದು, ಎರಡು ಸಲೀಸಾಗಿ ಬಂದವು. ಮೂರನೆಯದು ಅಲುಗಾಡಲಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೂ ಅರ್ಧ ಗಂಟೆ ಆಚೆ ಈಚೆ ತಿರುಗಿಸಬೇಕಾಯಿತು. ಮೀಟಲು ಹೋಗಲಿಲ್ಲ, ಒಮ್ಮೆ ಹಾಗೆ ಮೀಟಿ ಇಂಜೆಕ್ಟರಿನ ಕಿವಿ (ನಟ್ ಕೂರುವ ಚಾಚು) ಮುರಿದ ಅನುಭವವಿದೆ.

ಇಂಜೆಕ್ಟರಿನ ಸಿಂಪಡಿಸುವ ಮೂತಿಯೇ ನಾಜಲ್. ಪ್ರತಿ ನಾಜಲ್ಲಿನ ತುದಿಗೆ ಒಂದು ತಾಮ್ರದ ವಾಷರ್ ಇರುತ್ತದೆ, ಸುಮಾರು 2 ಮಿ.ಮೀ. ದಪ್ಪ. ಮೂರನೆಯ ಇಂಜೆಕ್ಟರಿನೊಂದಿಗೆ ಒಂದು ವಾಷರ್ ಹೊರಬಂತು. ಲೆಕ್ಕ ಸರಿಯಾಯಿತು ಎಂದುಕೊಂಡು ಬಟ್ಟೆ ಮುಚ್ಚಲು ಹೋದೆ. ತಮ್ಮ ಟಾರ್ಚ್ ಬಿಟ್ಟು ನೋಡುತ್ತಿದ್ದವನು, "ಈ ತೂತಿನ ತಳ ಉಳಿದೆರಡರಂತೆ ಇಲ್ಲ" ಎಂದ. ನಾನು ನೋಡಿದೆ. ಕಪ್ಪಗೆ, ಸಮತಟ್ಟಾಗಿ, ಹೆಡ್ಡಿನದೇ ಲೋಹದಂತೆ ಕಾಣುತ್ತಿತ್ತು. ಸ್ಕ್ರೂ ಡ್ರೈವರಿನ ತುದಿಯಿಂದ ಮೆಲ್ಲಗೆ ಗೀರಿದೆ. ಮಸಿಯ ಕೆಳಗೆ ಕೆಂಪು ಗೆರೆ ಹೊಳೆಯಿತು. ತಾಮ್ರ.

ಹಳೆಯ ವಾಷರ್ ತಳಕ್ಕೆ ಅಂಟಿಕೊಂಡೇ ಇತ್ತು, ಅದರ ಮೇಲೆ ಹೊಸದು. ಎರಡು ಚಳಿಗಾಲದ ಹಿಂದೆ ವಾಷರ್ ಬದಲಿಸಿದವನು ಯಾರೆಂದು ಹೇಳಬೇಕಾಗಿಲ್ಲ. ಅಂದಿನಿಂದ ಮೂರನೆಯ ನಾಜಲ್ 2 ಮಿ.ಮೀ. ಮೇಲೆ ಕುಳಿತು, ಡೀಸೆಲ್ಲನ್ನು ಪಿಸ್ಟನ್ನಿನ ಬಟ್ಟಲಿಗೆ ಬೀಳಬೇಕಾದ ಕಡೆ ಬೀಳಿಸದೆ ಚೆಲ್ಲುತ್ತಿತ್ತು. ಬಿಸಿ ಎಂಜಿನ್ ಅದನ್ನೂ ಹೇಗೋ ಸುಟ್ಟುಕೊಳ್ಳುತ್ತದೆ, ತಣ್ಣನೆಯದಕ್ಕೆ ಆಗುವುದಿಲ್ಲ. ನಾಚಿಕೆಯಾದದ್ದು ಬೇರೆ ಕಾರಣಕ್ಕೆ: ಇದು ಹೊರಗಿನಿಂದಲೇ ಕಾಣುತ್ತಿತ್ತು. ಇಂಜೆಕ್ಟರಿನ ಕಿವಿ ಉಳಿದೆರಡಕ್ಕಿಂತ ಎರಡು ಮಿಲಿಮೀಟರ್ ಎತ್ತರದಲ್ಲಿತ್ತು. ಎರಡು ವರ್ಷ ಅದರ ಪಕ್ಕದಲ್ಲೇ ಎಣ್ಣೆ ಹಾಕಿದ್ದೇನೆ, ಬಾನೆಟ್ ಒರೆಸಿದ್ದೇನೆ.

ತೆಗೆದ ಬಗೆ: ನಾಜಲ್ಲಿನ ತುದಿ ಹೋಗುವ ಸಣ್ಣ ತೂತಿಗೆ ಗ್ರೀಸ್ ಮೆತ್ತಿ, ಚೂರು ಒಳಗೆ ಬೀಳದಂತೆ ಮಾಡಿದೆ. ವಾಷರಿನ ಒಳವ್ಯಾಸಕ್ಕಿಂತ ಒಂದು ಅಳತೆ ದೊಡ್ಡ, ಮರೆ ಕೊರೆಯುವ ಟ್ಯಾಪನ್ನು ಕೈಯಿಂದಲೇ ಎರಡು ಸುತ್ತು ಕಚ್ಚಿಸಿ, ನೇರವಾಗಿ ಮೇಲೆಳೆದೆ. ಮೂರನೆಯ ಪ್ರಯತ್ನಕ್ಕೆ ಟಕ್ ಎಂದು ಬಂತು. ಆಮೇಲೆ ತೂತುಗಳ ಮೇಲೆ ಬಟ್ಟೆ ಹಾಕಿ, ದೂರ ನಿಂತು, ಸ್ಟಾಪ್ ಎಳೆದು ಎರಡು ಸೆಕೆಂಡ್ ಸೆಲ್ಫ್ ಹೊಡೆಸಿದೆ. ಉಳಿದ ಗ್ರೀಸು ಮಸಿಯೆಲ್ಲ ಬಟ್ಟೆಗೆ ರಾಚಿತು.

ದಿನ 11 ಮತ್ತು 12

ನಾಜಲ್‌ಗಳನ್ನು ಪರೀಕ್ಷಿಸಲು ಕೊಟ್ಟು ಬಂದೆ. ಖಾಲಿ ಇದ್ದ ಎರಡು ದಿನದಲ್ಲಿ, ಹೋದ ವರ್ಷದ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ, ಡೀಸೆಲ್ ಎಂಜಿನ್ನಿನ ಕಂಪ್ರೆಷನ್ ಗೇಜ್ ಎರವಲು ತಂದು ಇಂಜೆಕ್ಟರ್ ತೂತಿಗೆ ಹಾಕಿ ಅಳೆದೆ. ಎಂಜಿನ್ ತಣ್ಣಗಿರುವಾಗ 24, 25, 23 ಬಾರ್. ಇಷ್ಟು ವಯಸ್ಸಿಗೆ ಇದು ಚೆನ್ನಾಗಿಯೇ ಇದೆ, ಮೂರೂ ಹತ್ತಿರ ಹತ್ತಿರ ಇರುವುದು ಇನ್ನೂ ಮುಖ್ಯ. ಎಂಜಿನ್ ಇಳಿಸುವ ಮಾತು ಅಲ್ಲಿಗೆ ಬಿಟ್ಟೆ. ಪೆಟ್ರೋಲ್ ಎಂಜಿನ್ನಿನ ಗೇಜ್ ಇದಕ್ಕೆ ಆಗುವುದಿಲ್ಲ, ಮುಳ್ಳು ಅಷ್ಟು ದೂರ ಹೋಗುವುದೇ ಇಲ್ಲ.

ಟ್ಯಾಪೆಟ್, ಅಂದರೆ ವಾಲ್ವುಗಳ ಸಂದು, ಕೂಡ ನೋಡಿದೆ. ತಣ್ಣಗಿರುವಾಗ 0.30 ಮಿ.ಮೀ. ಇರಬೇಕಾದ ಕಡೆ ಒಂದು 0.20ಕ್ಕೆ ಬಿಗಿದಿತ್ತು, ಸರಿಮಾಡಿದೆ. ಚಳಿಯ ಕಾಯಿಲೆಗೂ ಇದಕ್ಕೂ ಸಂಬಂಧವಿರಲಿಲ್ಲ.

ನಾಜಲ್ ವರದಿ: ಒಂದು, ಎರಡು ಸರಿ. ಮೂರನೆಯದು 170 ಬಾರ್‌ಗೆ ತೆರೆಯಬೇಕಾದದ್ದು 130ಕ್ಕೇ ತೆರೆದು, ಮಂಜಿನಂತೆ ಸಿಂಪಡಿಸುವ ಬದಲು ಜಿನುಗುತ್ತಿತ್ತು. ಹೊಸ ನಾಜಲ್ ಹಾಕಿಸಿ ಒತ್ತಡ ಹೊಂದಿಸಿ ತಂದೆ.

ದಿನ 13. 6 ಡಿಗ್ರಿ

ತಳ ಕೆರೆದು, ಪ್ರತಿಯೊಂದಕ್ಕೂ ಒಂದೇ ಒಂದು ವಾಷರ್ ಎಂದು ಬಾಯಿಬಿಟ್ಟು ಎಣಿಸಿ ಕೂರಿಸಿದೆ. ಎರಡೂ ಕಡೆಯ ನಟ್‌ಗಳನ್ನು ಸರದಿಯಂತೆ ಕಾಲು ಕಾಲು ಸುತ್ತು ಬಿಗಿದೆ. ಒಂದೇ ಕಡೆ ಬಿಗಿದರೆ ಇಂಜೆಕ್ಟರ್ ವಾಲಿ ಮತ್ತೆ ಸೋರುತ್ತದೆ. ಏರ್ ತೆಗೆದು ಹೀಟ್ 20 ಸೆಕೆಂಡ್, ರೇಸ್ ಪೂರ್ತಿ, ಸೆಲ್ಫ್. ಮೂರು ಸೆಕೆಂಡಿಗೆ ಹತ್ತಿಕೊಂಡಿತು. ಒಂದು ನಿಮಿಷದೊಳಗೆ ಮೂರೂ ಸಿಲಿಂಡರಿನ ಸದ್ದು ಒಂದಾಯಿತು. ತಮ್ಮ ಚಪ್ಪಾಳೆ ತಟ್ಟಿದ.

ನೇಗಿಲು ಕಟ್ಟಿಕೊಂಡು ಹೊರಟೆ. ಇಪ್ಪತ್ತೈದು ನಿಮಿಷವಾದರೂ ಭಾರ ಬಿದ್ದಾಗ ಗಂಟಲು ಕಟ್ಟಿದಂತೆ ಸದ್ದು, ತೆಳು ಬಿಳಿ ಹೊಗೆ. ಟೆಂಪರೇಚರ್ ಮೀಟರಿನ ಮುಳ್ಳು ತಳ ಬಿಟ್ಟು ಏಳುತ್ತಲೇ ಇಲ್ಲ. ಮೀಟರ್ ಕೆಟ್ಟಿದೆ ಎಂದು ಎಷ್ಟೋ ದಿನದಿಂದ ನಂಬಿದ್ದೆ. ಇಳಿದು ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿದೆ. ಉಗುರುಬೆಚ್ಚಗೆ. ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿ ಆ ಹೋಸಿನ ಮೇಲೆ ಕೈಯಿಟ್ಟು ನಿಂತೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಸರಿಯಿದ್ದರೆ ಹೋಸ್ ಹಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಕೈ ಹಿಂದೆಗೆಯುವಷ್ಟು ಬಿಸಿಯಾಗಬೇಕು. ಇಲ್ಲಿ ಎರಡನೆಯ ನಿಮಿಷದಿಂದಲೇ ಮೆಲ್ಲಮೆಲ್ಲಗೆ ಬೆಚ್ಚಗಾಗುತ್ತ ಹೋಯಿತು.

ದಿನ 14ರಿಂದ 16. ಮುರಿದ ಬೋಲ್ಟ್

ಥರ್ಮೋಸ್ಟಾಟ್ ಇರುವ ಮುಚ್ಚಳಕ್ಕೆ ಎರಡೇ ಬೋಲ್ಟ್. ನೀರು ಇಳಿಸಿ ಮೊದಲನೆಯದನ್ನು ಬಿಚ್ಚಿದೆ. ಎರಡನೆಯದು ಬಿಗಿಯಾಗಿತ್ತು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಲ ಹಾಕಿದೆ. ಸಲೀಸಾಗಿ ತಿರುಗಿತು, ತೀರಾ ಸಲೀಸಾಗಿ. ತಲೆ ಕೈಗೆ ಬಂತು. ಹದಿನಾಲ್ಕು ದಿನದಲ್ಲಿ ಕಲಿತ ತಾಳ್ಮೆಯೆಲ್ಲ ಎಲ್ಲಿ ಹೋಗಿತ್ತೋ.

ಅದೃಷ್ಟಕ್ಕೆ ಮುಚ್ಚಳ ತೆಗೆದ ಮೇಲೆ ನಾಲ್ಕು ಮಿಲಿಮೀಟರ್ ಮೋಟು ಹೊರಗಿತ್ತು. ಒಂದು ರಾತ್ರಿ ಎಣ್ಣೆ ಬಿಟ್ಟು ಇಕ್ಕಳ ಹಾಕಿದೆ, ಜಾರಿತು. ಮರುದಿನ ವೆಲ್ಡಿಂಗ್ ಮಾಡುವವರನ್ನು ಕರೆಸಿ ಮೋಟಿನ ಮೇಲೆ ಒಂದು ನಟ್ ಕೂರಿಸಿ ಒಳಗಿನಿಂದ ಬೆಸುಗೆ ಹಾಕಿಸಿದೆ. ಬ್ಯಾಟರಿಯ ಕೇಬಲ್ ಮೊದಲೇ ಕಳಚಿದ್ದೆ. ನಟ್ ಕೆಂಪು ಬಿಟ್ಟು ಕಪ್ಪಾಗುವವರೆಗೆ ಕಾದು, ಸ್ಪ್ಯಾನರ್ ಹಾಕಿ ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ. ಕಿರ್ ಎಂದು ಸದ್ದು ಮಾಡುತ್ತ ಬಂತು.

ಒಳಗೆ ಥರ್ಮೋಸ್ಟಾಟ್ ಇರಲೇ ಇಲ್ಲ. ಕೆಟ್ಟದ್ದಲ್ಲ, ಖಾಲಿ. ನೆನಪು ನಿಧಾನಕ್ಕೆ ಬಂತು. ಐದಾರು ವರ್ಷದ ಹಿಂದಿನ ಒಂದು ಬೇಸಿಗೆ, ಎಂಜಿನ್ ಕುದಿಯುತ್ತಿತ್ತು. ಥರ್ಮೋಸ್ಟಾಟ್ ಕಿತ್ತು ಹಾಕಿದೆ. ಕುದಿಯುವುದು ನಿಲ್ಲಲಿಲ್ಲ, ಏಕೆಂದರೆ ರೇಡಿಯೇಟರಿನ ಸಂದಿಗಳಲ್ಲಿ ಹೊಟ್ಟು ಕಟ್ಟಿಕೊಂಡಿತ್ತು. ಅದನ್ನು ತೊಳೆದ ಮೇಲೆ ಸರಿಹೋಯಿತು. ಕಿತ್ತದ್ದನ್ನು ಮರಳಿ ಹಾಕಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

82 ಡಿಗ್ರಿ ಎಂದು ಮುದ್ರೆಯಿರುವ ಹೊಸದನ್ನು ತಂದೆ. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರಕಟ್ಟಿ ಇಳಿಬಿಟ್ಟು ಕಾಯಿಸಿದೆ. ತಳಕ್ಕೆ ತಾಗಬಾರದು, ತಾಗಿದರೆ ಲೆಕ್ಕ ತಪ್ಪುತ್ತದೆ. 81ರಲ್ಲಿ ಕೂದಲಷ್ಟು ಬಿರುಕು, 94ರಲ್ಲಿ ಪೂರ್ತಿ ತೆರೆದು 9 ಮಿ.ಮೀ. ಗ್ಯಾಸ್ಕೆಟ್ ಸಿಗಲಿಲ್ಲ, ಗ್ಯಾಸ್ಕೆಟ್ ಕಾಗದವನ್ನು ಮುಚ್ಚಳದ ಮೇಲಿಟ್ಟು ಸುತ್ತಿಗೆಯ ಗುಂಡಿನಿಂದ ಅಂಚಿನುದ್ದಕ್ಕೂ ತಟ್ಟಿ ಕತ್ತರಿಸಿಕೊಂಡೆ. ಎರಡೂ ಬೋಲ್ಟ್ ಹೊಸವು, ಮರೆಗೆ ಗ್ರೀಸ್.

ದಿನ 17. 5 ಡಿಗ್ರಿ

ಇಷ್ಟು ದಿನದಲ್ಲಿ ಅತಿ ಚಳಿಯ ಬೆಳಗು ಇದೇ. ಹೀಟ್ 20 ಸೆಕೆಂಡ್. ಒಂದೇ ಸೆಲ್ಫ್, ನಾಲ್ಕು ಸೆಕೆಂಡ್. ಬಿಳಿ ಹೊಗೆ 40 ಸೆಕೆಂಡ್. ಮಿಸ್ಸಿಂಗ್ ಇಲ್ಲ. ಹೋಸ್ ಒಂಬತ್ತನೆಯ ನಿಮಿಷದವರೆಗೆ ತಣ್ಣಗಿದ್ದು ಆಮೇಲೆ ಸುಟ್ಟಿತು. ಹದಿನೈದನೆಯ ನಿಮಿಷಕ್ಕೆ ನೇಗಿಲು ಇಳಿಸಿದೆ, ಸದ್ದು ಬದಲಾಗಲಿಲ್ಲ.

ಹಳೆಯ ಬ್ಯಾಟರಿಯನ್ನೇ ಮತ್ತೆ ಕೂರಿಸಿ ನೋಡಿದೆ, ಅದರಲ್ಲೂ ಹಾಗೆಯೇ ಸ್ಟಾರ್ಟ್ ಆಗುತ್ತದೆ. ಹೊಸದು ಈಗ ಹಲಗೆಯ ಮೇಲೆ ಕುಳಿತಿದೆ, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಬಾಕಿ ಉಳಿದದ್ದು: ಎರಡನೆಯ ಇಂಜೆಕ್ಟರಿನ ರಿಟರ್ನ್ ಪೈಪಿನ ಜಾಯಿಂಟ್ ಸಣ್ಣಗೆ ಒಸರುತ್ತಿದೆ, ಅದಕ್ಕೆ ವಾಷರ್ ಬದಲಿಸಬೇಕು. ಹಳೆಯ ವಾಷರ್ ಹೊರಬಂದಿದೆಯೇ ಎಂದು ನೋಡುವ ಕೆಲಸವನ್ನು ತಮ್ಮ ತಾನೇ ವಹಿಸಿಕೊಂಡಿದ್ದಾನೆ.